ತಳದಲ್ಲಿ ತ್ರಿಕೋನ ಇದ್ದರೂ ಪ್ಲಾಸ್ಟಿಕ್ ತಟ್ಟೆ ಬೇಡ ಅಂದರು, ಯಾಕೆ?

ಖಾಲಿಡಬ್ಬಿ:
ಆರು ತಿಂಗಳಿಂದ ಅಡುಗೆಮನೆ ಬಾಗಿಲ ಹಿಂದೆ ಮರುಬಳಕೆಗೆ ಕೊಡಲೆಂದು ಎರಡು ಚೀಲ ನೇತುಹಾಕಿದ್ದೇನೆ. ಒಂದು ಕಾಗದಕ್ಕೆ, ಇನ್ನೊಂದು ‘ಉಳಿದದ್ದೆಲ್ಲ’ಕ್ಕೆ. ತಳದಲ್ಲಿ ಬಾಣಗಳ ತ್ರಿಕೋನ ಕಂಡರೆ ಸಾಕು, ಕಣ್ಣುಮುಚ್ಚಿ ಎರಡನೇ ಚೀಲಕ್ಕೆ ಹಾಕುತ್ತಿದ್ದೆ. ನಿನ್ನೆ ಒಯ್ಯಲು ಬಂದಾತ ನನ್ನೆದುರೇ ಚೀಲ ಬಿಚ್ಚಿ, ಅರ್ಧಕ್ಕರ್ಧ ತೆಗೆದು ಬಾಗಿಲಲ್ಲೇ ಇಟ್ಟು ಹೋದ. ಒಂದು ಮಾತೂ ಆಡಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು.

ಬಿಟ್ಟುಹೋದದ್ದು ಇಷ್ಟು: ಕಪ್ಪು ಪ್ಲಾಸ್ಟಿಕ್ ತಟ್ಟೆ ಎರಡು, ಬಿಸ್ಕತ್ತಿನ ಹೊಳೆಯುವ ಕವರುಗಳು, ಜ್ಯೂಸಿನ ರಟ್ಟಿನ ಡಬ್ಬ, ಓವನ್‌ಗೆ ಇಡುವ ಗಾಜಿನ ಬೋಗುಣಿ (ಒಡೆದದ್ದು), ಎಣ್ಣೆ ಹಿಡಿದ ಒಂದು ರಟ್ಟಿನ ಪೆಟ್ಟಿಗೆ. ತಟ್ಟೆಯ ತಳದಲ್ಲಿ ತ್ರಿಕೋನದೊಳಗೆ 5 ಅಂತ ಸ್ಪಷ್ಟವಾಗಿಯೇ ಇದೆ! ಇನ್ನೇನು ಬೇಕಿತ್ತು? ಜೊತೆಗೆ ಬಾಟಲಿ ಮುಚ್ಚಳ ತೆಗೆದು ಹಾಕಬೇಕೋ ಇಟ್ಟೇ ಹಾಕಬೇಕೋ ಅಂತ ಅಮ್ಮನಿಗೂ ನನಗೂ ದಿನಾ ಜಗಳ. ಗೊತ್ತಿದ್ದವರು ಬಿಡಿಸಿ ಹೇಳಿ.

ಮಳೆಹನಿ:
ತೊಳೆದು ಹಾಕಿ, ಅಷ್ಟೇ. ನಾನಂತೂ ಎಲ್ಲವನ್ನೂ ಸೋಪು ಹಚ್ಚಿ ತೊಳೆಯುತ್ತೇನೆ. ಅನುಮಾನ ಇದ್ದದ್ದನ್ನೂ ಹಾಕಿಬಿಡುತ್ತೇನೆ, ಅಲ್ಲಿ ಅವರು ಆರಿಸಿಕೊಳ್ಳುತ್ತಾರೆ.

ಬೆಲ್ಟಿನಪಕ್ಕ:
ಮಳೆಹನಿಯವರು ಬೇಸರಿಸಬಾರದು, ಆ ‘ಅವರು’ ನಾನೇ. ವಿಂಗಡಣೆ ಘಟಕದಲ್ಲಿ ಓಡುವ ಬೆಲ್ಟಿನ ಪಕ್ಕ ನಾಲ್ಕು ವರ್ಷ ನಿಂತಿದ್ದೇನೆ. ಒಂದು ಡಬ್ಬಿಯನ್ನು ನೋಡಿ, ಗುರುತಿಸಿ, ಎತ್ತಲು ಸಿಗುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ನಾವು ಎಲ್ಲವನ್ನೂ ಆರಿಸುತ್ತಿರಲಿಲ್ಲ, ಆಗುತ್ತಲೂ ಇರಲಿಲ್ಲ.

ತ್ರಿಕೋನದ ಮಾತು ಮೊದಲು. ಆ ಅಂಕಿಗಳನ್ನು 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘ ತಂದಿತು. 1ರಿಂದ 7ರವರೆಗಿನ ಅಂಕಿ ಹೇಳುವುದು ಇದು ಯಾವ ಜಾತಿಯ ಪ್ಲಾಸ್ಟಿಕ್ ಅಂತ ಮಾತ್ರ. ನಿಮ್ಮ 5 ಅಂದರೆ ಪಾಲಿಪ್ರೊಪಿಲೀನ್. ‘ಇದನ್ನು ಮರುಬಳಕೆ ಮಾಡುತ್ತೇವೆ’ ಅಂತ ಅಲ್ಲಿ ಯಾರೂ ಮಾತು ಕೊಟ್ಟಿಲ್ಲ. ಜನ ಹೀಗೇ ಮೋಸಹೋಗುತ್ತಾರೆಂದು 2013ರಲ್ಲಿ ಬಾಣ ತೆಗೆದು ಬರಿಯ ತ್ರಿಕೋನ ಮಾಡಿದರು. ಆದರೂ ಬಾಣದ ಅಚ್ಚು ಇವತ್ತಿಗೂ ಎಷ್ಟೋ ಡಬ್ಬಿಗಳ ತಳದಲ್ಲಿದೆ.

ನಿಮ್ಮ ತಟ್ಟೆ ಕೆಟ್ಟದ್ದು ಅದರ ಬಣ್ಣದಿಂದ. ದೊಡ್ಡ ಘಟಕಗಳಲ್ಲಿ ಪ್ಲಾಸ್ಟಿಕ್ಕಿನ ಮೇಲೆ ಅತಿಗೆಂಪು ಬೆಳಕು ಹಾಯಿಸಿ, ವಾಪಸ್ ಬರುವ ಬೆಳಕಿನಿಂದ ಜಾತಿ ಪತ್ತೆಹಚ್ಚುತ್ತಾರೆ. ಕಪ್ಪು ಬಣ್ಣಕ್ಕೆ ಬೆರೆಸುವ ಇಂಗಾಲದ ಪುಡಿ ಆ ಬೆಳಕನ್ನೇ ನುಂಗಿಬಿಡುತ್ತದೆ. ಯಂತ್ರದ ಪಾಲಿಗೆ ಬೆಲ್ಟಿನ ಮೇಲೆ ಏನೂ ಇಲ್ಲ. ಕೈಯಲ್ಲಿ ಆರಿಸುವ ಕಡೆಯೂ ಕಪ್ಪಿಗೆ ಕಿಮ್ಮತ್ತು ಕಮ್ಮಿ, ಕರಗಿಸಿದರೆ ಮತ್ತೆ ಕಪ್ಪೇ ತಾನೇ.

ಹೊಳೆಯುವ ಕವರು ಕೈಗೆ ಬಂದರೆ ಮುಷ್ಟಿಯಲ್ಲಿ ಮುದ್ದೆ ಮಾಡಿ ಬಿಡಿ. ಮುದ್ದೆಯಾಗಿಯೇ ಕೂತರೆ ಅಲ್ಯೂಮಿನಿಯಂ ಹಾಳೆ, ಮತ್ತೆ ಅರಳಿಕೊಂಡರೆ ಲೋಹದ ಲೇಪ ಬಳಿದ ಪ್ಲಾಸ್ಟಿಕ್. ಎರಡನೆಯದರಲ್ಲಿ ಪದರದ ಮೇಲೆ ಪದರ ಅಂಟಿರುತ್ತದೆ, ಬಿಡಿಸಲಾಗದು. ಜ್ಯೂಸ್ ಡಬ್ಬದಲ್ಲೂ ರಟ್ಟು, ಪಾಲಿಥೀನ್, ಅಲ್ಯೂಮಿನಿಯಂ ಮೂರೂ ಇವೆ. ಆದರೆ ಅದರಲ್ಲಿ ರಟ್ಟೇ ಜಾಸ್ತಿ, ನೀರಲ್ಲಿ ಕಲಕಿ ನಾರು ಬಿಡಿಸುವ ಗಿರಣಿಗಳಿವೆ. ನಿಮ್ಮಲ್ಲಿ ಒಯ್ಯುವವರಿಗೆ ಅಂಥ ಗಿರಣಿಯ ಸಂಪರ್ಕ ಇದೆಯೇ ಅಂತ ಅವರನ್ನೇ ಕೇಳಬೇಕು.

ಬೋಗುಣಿಯನ್ನು ಬಾಟಲಿ ಗಾಜಿನ ಜೊತೆ ಖಂಡಿತ ಹಾಕಬೇಡಿ. ಶಾಖ ತಡೆಯಲೆಂದೇ ಮಾಡಿದ ಗಾಜು ಬಾಟಲಿ ಗಾಜು ಕರಗುವ ಶಾಖಕ್ಕೆ ಪೂರ್ತಿ ಕರಗದೆ ಹೊಸ ಬಾಟಲಿಯಲ್ಲಿ ಗಂಟಾಗಿ ಉಳಿಯುತ್ತದೆ.

ಎಲ್ಲಕ್ಕಿಂತ ನಮ್ಮ ಪ್ರಾಣ ತಿಂದದ್ದು ತೆಳ್ಳನೆ ಕೈಚೀಲಗಳು. ಉರುಳೆಗಳಿಗೆ ಸುತ್ತಿಕೊಂಡು ಯಂತ್ರವೇ ನಿಂತುಬಿಡುತ್ತಿತ್ತು. ಯಾರಾದರೊಬ್ಬರು ಒಳಗೆ ತೂರಿ ಚಾಕುವಿನಿಂದ ಕತ್ತರಿಸಿ ತೆಗೆಯಬೇಕು. ಎಷ್ಟೋ ಸಲ ಆ ಒಬ್ಬ ನಾನಾಗಿದ್ದೆ. ಹಾಗಾಗಿ ಡಬ್ಬಿಗಳನ್ನು ಚೀಲದಲ್ಲಿ ತುಂಬಿ ಗಂಟು ಕಟ್ಟಿ ಕಳಿಸಬೇಡಿ, ಬಿಡಿಯಾಗಿ ಸುರಿಯಿರಿ.

ಇನ್ನು ಸೋಪು. ಬೇಡವೇ ಬೇಡ. ಪಾತ್ರೆ ತೊಳೆದು ಉಳಿದ ನೀರಲ್ಲಿ ಒಮ್ಮೆ ಕುಲುಕಿ ಚೆಲ್ಲಿದರೆ ಸಾಕು, ಆದರೆ ಬೋರಲು ಹಾಕಿ ಒಣಗಿಸಿ. ಒಂದು ಬಾಟಲಿಯಲ್ಲಿ ಉಳಿದ ನಾಲ್ಕು ಹನಿ ಪಕ್ಕದ ಕಾಗದವನ್ನೆಲ್ಲ ಕೆಡಿಸುತ್ತದೆ.

ಖಾಲಿಡಬ್ಬಿ:
ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ಈಗಷ್ಟೇ ಏಳು ಕವರು ಮುದ್ದೆ ಮಾಡಿ ನೋಡಿದೆ, ಏಳೂ ಅರಳಿಕೊಂಡವು. ಮುಚ್ಚಳದ ತೀರ್ಪು ಮಾತ್ರ ಬಾಕಿ ಉಳಿಯಿತು, ಅಮ್ಮ ಪಕ್ಕದಲ್ಲೇ ಕೂತಿದ್ದಾರೆ. ರಟ್ಟಿನ ಪೆಟ್ಟಿಗೆಯ ಕತೆಯನ್ನೂ ಹೇಳಿ.

ಬೆಲ್ಟಿನಪಕ್ಕ:
ಬಾಟಲಿ ಖಾಲಿ ಮಾಡಿ, ಹಿಚುಕಿ ಗಾಳಿ ತೆಗೆದು, ಮುಚ್ಚಳ ಮತ್ತೆ ಬಿಗಿದೇ ಹಾಕಿ. ಬಿಡಿ ಮುಚ್ಚಳ ಜರಡಿಯ ತೂತಿನಿಂದ ಉದುರಿ ಕಸಕ್ಕೆ ಹೋಗುತ್ತದೆ. ಬಾಟಲಿಯೊಂದಿಗೆ ಬಂದರೆ ಎರಡನ್ನೂ ಪುಡಿ ಮಾಡಿ ನೀರಿನ ತೊಟ್ಟಿಗೆ ಸುರಿಯುತ್ತಾರೆ. ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್ ಮುಳುಗುತ್ತದೆ, ಮುಚ್ಚಳದ ಪ್ಲಾಸ್ಟಿಕ್ ತೇಲುತ್ತದೆ. ನಿಮ್ಮಲ್ಲಿ ಬೇರೆಯೇ ಕೊಡಿ ಅಂದರೆ ಮಾತ್ರ ಅವರು ಹೇಳಿದಂತೆ.

ರಟ್ಟನ್ನೂ ನೀರಲ್ಲೇ ಅರೆದು ನಾರು ಮಾಡುವುದು. ಎಣ್ಣೆ ನಾರಿಗೆ ಅಂಟಿದರೆ ಬಿಡುವುದಿಲ್ಲ. ಕಲೆ ಇಲ್ಲದ ಮೇಲ್ಭಾಗ ಹರಿದು ಕಾಗದದ ಚೀಲಕ್ಕೆ, ತಳ ಕಸಕ್ಕೆ.

ಮಳೆಹನಿ:
ತಪ್ಪೊಪ್ಪಿಕೊಂಡೆ. ಸೋಪಿನ ಖರ್ಚೂ ಉಳಿಯಿತು. ಹಾಗಾದರೆ ‘ಗೊಬ್ಬರವಾಗುತ್ತದೆ’ ಅಂತ ಬರೆದಿರುವ ಪಾರದರ್ಶಕ ಲೋಟ? ಅದನ್ನು ಇಷ್ಟು ದಿನ ಬಾಟಲಿಗಳ ಜೊತೆಗೇ ಹಾಕುತ್ತಿದ್ದೆ.

ಬೆಲ್ಟಿನಪಕ್ಕ:
ಬೇಡ. ನೋಡಲು ಪೆಟ್‌ನಂತೆಯೇ ಇದ್ದರೂ ಸಾಮಾನ್ಯವಾಗಿ ಪಿಎಲ್‌ಎ ಅನ್ನುವ ಬೇರೆ ವಸ್ತು, ಬೆರೆತರೆ ಪೆಟ್ ಕೆಡುತ್ತದೆ. ಹಿತ್ತಲ ಗುಂಡಿಯಲ್ಲೂ ಅಷ್ಟು ಸುಲಭಕ್ಕೆ ಕೊಳೆಯುವುದಿಲ್ಲ, ಬಿಸಿ ಕಾಯ್ದುಕೊಳ್ಳುವ ದೊಡ್ಡ ಗೊಬ್ಬರ ಘಟಕವೇ ಬೇಕು.

ಖಾಲಿಡಬ್ಬಿ:
ಮುಚ್ಚಳದ ವಿಷಯದಲ್ಲಿ ಅಮ್ಮ ಗೆದ್ದರು. ಎರಡು ಸಲ ಓದಿಸಿಕೊಂಡರು. ಒಡೆದ ಬೋಗುಣಿಯನ್ನು ಹಳೆ ಪೇಪರಿನಲ್ಲಿ ದಪ್ಪಗೆ ಸುತ್ತಿ, ಮೇಲೆ ‘ಒಡೆದ ಗಾಜು’ ಅಂತ ಮಾರ್ಕರ್‌ನಲ್ಲಿ ಬರೆದು ಕಸಕ್ಕೆ ಇಟ್ಟಿದ್ದೇನೆ. ಮೊನ್ನೆ ಹಾಗೇ ಚೀಲಕ್ಕೆ ಎಸೆದಿದ್ದೆ, ಆತ ಅದರೊಳಗೆ ಬರಿಗೈ ಹಾಕಿದ್ದ.