ಹೆಕ್ಕುವಾಗಲೇ ವಿಂಗಡಣೆಯೋ, ಟಾರ್ಪಾಲ್ ಮೇಲೆ ಸುರಿದ ಮೇಲೋ?

ಹೊಳೆದಂಡೆ: ಹೊಳೆಯ ದಂಡೆ ಸ್ವಚ್ಛತೆಗೆ 40 ಜನ ಸ್ವಯಂಸೇವಕರು, ಎರಡು ಗಂಟೆ ಸಮಯ ಅಂತ ಇಟ್ಟುಕೊಳ್ಳಿ. ಕಸ ಹೆಕ್ಕುವಾಗಲೇ ಬೇರೆ ಬೇರೆ ಚೀಲಕ್ಕೆ ಹಾಕಿಸಬೇಕೋ, ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿಸಿ ಕೊನೆಗೆ ಟಾರ್ಪಾಲ್ ಮೇಲೆ ಸುರಿದು ವಿಂಗಡಿಸಬೇಕೋ? ನನ್ನ ಮತ ಎರಡನೆಯದಕ್ಕೆ. ಹೊಸಬರ ಕೈಗೆ ನಾಲ್ಕು ಚೀಲ ಕೊಟ್ಟರೆ ‘ಇದು ಯಾವುದಕ್ಕೆ, ಅದು ಯಾವುದಕ್ಕೆ’ ಎಂದು ಕೇಳುವುದರಲ್ಲೇ ಅರ್ಧ ಹೊತ್ತು ಹೋಗುತ್ತದೆ.

ಗುಜರಿಲೆಕ್ಕ: ಒಪ್ಪಲಾರೆ ಸರ್. ಎಂಜಲು ಮೆತ್ತಿದ ಒಂದು ಪೊಟ್ಟಣ, ಒಂದು ಒದ್ದೆ ಡೈಪರ್ ಸಾಕು, ಆ ಚೀಲದಲ್ಲಿದ್ದ ರಟ್ಟು, ಕಾಗದ, ತೆಳು ಕವರ್ ಎಲ್ಲ ಕೆಟ್ಟಂತೆಯೇ. ಕೆಸರು ಮೆತ್ತಿದ ಪ್ಲಾಸ್ಟಿಕ್ ಅನ್ನು ಕೊಳ್ಳುವವರು ಹಿಂದೆಮುಂದೆ ನೋಡುತ್ತಾರೆ: ತೂಕದಲ್ಲಿ ಮಣ್ಣೂ ಸೇರಿರುತ್ತದೆ, ತೊಳೆಯುವ ಖರ್ಚು ಬೇರೆ. ಕೊನೆಗೆ ಇಡೀ ಲೋಡು ಭೂಭರ್ತಿಗೆ, ಅಂದರೆ ಕಸ ಹೂಳುವ ಜಾಗಕ್ಕೆ ಹೋಗುತ್ತದೆ. ಅಂದರೆ ಕಸ ಜಾಗ ಬದಲಿಸಿತು, ಅಷ್ಟೇ.

ನಾಲ್ಕು ಚೀಲ ಬೇಡ. ಮೂವರ ತಂಡ, ಎರಡು ಚೀಲ, ಒಂದು ಬಕೆಟ್. ಮೊದಲ ಚೀಲಕ್ಕೆ ಕೊಳ್ಳುವವರಿರುವ ವಸ್ತು ಮಾತ್ರ: ಪೆಟ್ ಬಾಟಲಿ (ನೀರು, ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿ), ಗಟ್ಟಿ ಪ್ಲಾಸ್ಟಿಕ್, ಲೋಹದ ಡಬ್ಬಿ. ಗಾಜು ಬಕೆಟ್‌ಗೆ. ಮಿಕ್ಕಿದ್ದೆಲ್ಲ ಎರಡನೆಯ ಚೀಲಕ್ಕೆ, ಸಂಶಯ ಬಂದದ್ದೂ ಅಲ್ಲಿಗೇ. ಇದನ್ನು ಹೇಳಿಕೊಡಲು ಎರಡು ನಿಮಿಷ ಸಾಕು. ಬಾಟಲಿಯಲ್ಲಿ ಬರೀ ನೀರಿದ್ದರೆ ಚೆಲ್ಲಿ, ಚಪ್ಪಟೆ ಮಾಡಿ ಹಾಕಲಿ. ಬಣ್ಣದ ದ್ರವ ಇದ್ದರೆ, ಬಾಟಲಿ ಉಬ್ಬಿದ್ದರೆ ಮುಚ್ಚಳ ತೆರೆಯಲೇಬಾರದು, ಪಕ್ಕಕ್ಕಿಟ್ಟು ಮುಂದಾಳಿಗೆ ತೋರಿಸಬೇಕು.

ಸುರಕ್ಷೆಮೊದಲು: ಗುಜರಿಲೆಕ್ಕ ಅವರು ದುಡ್ಡಿನ ಮಾತು ಹೇಳಿದರು, ನಾನು ಗಾಯದ ಮಾತು ಹೇಳುತ್ತೇನೆ. ಮಿಶ್ರ ಚೀಲದಲ್ಲಿ ಒಡೆದ ಗಾಜು ಕಣ್ಣಿಗೆ ಬೀಳುವುದಿಲ್ಲ. ಹೊತ್ತು ನಡೆಯುವಾಗ ಚೀಲ ತೊಡೆಗೆ ತಾಗುತ್ತದೆ, ಅಲ್ಲೇ ಕೊಯ್ಯುವುದು. ಆಮೇಲೆ ಟಾರ್ಪಾಲ್ ಮೇಲೆ ಸುರಿದು ಕೈಯಾಡಿಸುವುದು ಇನ್ನೂ ಅಪಾಯ.

ಸಿರಿಂಜ್ ಸಿಕ್ಕರೆ ಸ್ವಯಂಸೇವಕರು ಮುಟ್ಟಬಾರದು, ಜೋರಾಗಿ ಕೂಗಿ ಮುಂದಾಳನ್ನು ಕರೆಯಬೇಕು. ಅವರು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯನ್ನು ಕೈಯಲ್ಲಿ ಹಿಡಿಯದೆ ನೆಲದ ಮೇಲಿಟ್ಟು, ಇಕ್ಕಳದಿಂದ ಎತ್ತಿ, ಸೂಜಿಯ ತುದಿ ಕೆಳಮುಖವಾಗಿ ಬಿಡಬೇಕು. ಸೂಜಿಗೆ ಮತ್ತೆ ಕ್ಯಾಪ್ ಹಾಕಲು ಹೋಗಬಾರದು. ಕೊಯ್ತ ತಡೆಯುವ ಗ್ಲೌಸ್ ಇದ್ದರೆ ಸೂಜಿಯೂ ಚುಚ್ಚದು ಎಂಬ ತಪ್ಪು ಕಲ್ಪನೆಯೂ ಇದೆ. ಅದು ಗಾಜಿಗೆ ಸರಿ, ಸೂಜಿಗೆ ಅಲ್ಲ, ಸೂಜಿ ಅದರ ನೇಯ್ಗೆಯ ನಡುವೆ ತೂರುತ್ತದೆ. ಚುಚ್ಚಿದರೆ ಹಿಂಡಬೇಡಿ, ಚೀಪಬೇಡಿ. ಹರಿಯುವ ನೀರು, ಸಾಬೂನಿನಿಂದ ತೊಳೆದು ನೇರ ಆಸ್ಪತ್ರೆಗೆ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಬೇಗ ಆದಷ್ಟೂ ಒಳ್ಳೆಯದು.

ಹೊಳೆದಂಡೆ: ಗಾಜಿಗೆ ಬೇರೆ ಬಕೆಟ್, ಒಪ್ಪಿದೆ. ಉಳಿದದ್ದಕ್ಕೆ ನನ್ನ ವಾದ ಹಾಗೇ ಇದೆ: ತರಬೇತಿಯಾದ ಐದು ಜನ ಟಾರ್ಪಾಲ್ ಬಳಿ ನಿಂತರೆ 40 ಹೊಸಬರಿಗಿಂತ ಚೆನ್ನಾಗಿ ವಿಂಗಡಿಸುತ್ತಾರೆ.

ಗುಜರಿಲೆಕ್ಕ: ಚೀಲ ಒಣಗಿದ್ದರೆ ಹೌದು. ದಂಡೆಯ ಕಸ ಒಣಗಿರುವುದು ಅಪರೂಪ. ಅಂದ ಹಾಗೆ ಕಪ್ಪು ತೆಳು ಕವರ್ ಕೊಡಲೇಬೇಡಿ, ಕಡ್ಡಿ ತಾಗಿದರೂ ಹರಿಯುತ್ತದೆ. ನೇಯ್ದ ಪ್ಲಾಸ್ಟಿಕ್ ಗೋಣಿಯಿಂದ ನೀರು ತಾನೇ ಇಳಿಯುತ್ತದೆ, ಒಗೆದು ಮತ್ತೆ ಬಳಸಬಹುದು. ಮುಕ್ಕಾಲಿಗಿಂತ ಹೆಚ್ಚು ತುಂಬಬೇಡಿ, 10 ಕಿಲೋ ದಾಟಿಸಬೇಡಿ.

ಬೇರುಮಣ್ಣು: ಕಸದ ಗಲಾಟೆಯಲ್ಲಿ ಎಲ್ಲರೂ ದಂಡೆಯನ್ನೇ ಮರೆತಿದ್ದೀರಿ. ಕುಂಟೆ ಎಳೆದು ‘ನೀಟ್’ ಮಾಡುವುದು ಸ್ವಚ್ಛತೆಯಲ್ಲ. ತರಗೆಲೆ, ಕೊಳೆತ ಕಡ್ಡಿ ಕಸವಲ್ಲ, ಹುಳುಹುಪ್ಪಟೆಗಳ ಮನೆ. ಅದನ್ನು ಬಾಚಿದರೆ ನೆಲ ಬೆತ್ತಲಾಗಿ ಮೊದಲ ಜೋರು ಮಳೆಗೆ ಮಣ್ಣು ನೀರಿಗಿಳಿಯುತ್ತದೆ. ಬೇರುಗಳ ನಡುವೆ ಹೂತ ಹಳೆಯ ಪಾಲಿಥಿನ್ ಅನ್ನು ಜಗ್ಗಬೇಡಿ, ಬೇರಿನ ಸಮೇತ ದಂಡೆಯ ಹೆಂಟೆ ಕಿತ್ತು ಬರುತ್ತದೆ. ಮಣ್ಣಿನ ಮಟ್ಟಕ್ಕೆ ಕತ್ತರಿಸಿ, ಒಳಗಿನದನ್ನು ಬಿಟ್ಟುಬಿಡಿ. ಮಳೆಗೆ ಇನ್ನಷ್ಟು ಹೊರಬಂದಾಗ ಮುಂದಿನ ಸಲ ಕತ್ತರಿಸಿದರಾಯಿತು.

ಓದುಗ7: ಯಾರೂ ಕೊಳ್ಳದ ಎರಡನೆಯ ಚೀಲವನ್ನು ಅಲ್ಲೇ ಸುಟ್ಟರೆ ಸಾಗಾಟವೇ ಬೇಡವಲ್ಲ?

ಸುರಕ್ಷೆಮೊದಲು: ಬೇಡವೇ ಬೇಡ. ಪಿವಿಸಿ ತುಂಡು ಸೇರಿದ್ದರೆ ಹೈಡ್ರೋಜನ್ ಕ್ಲೋರೈಡ್, ಡಯಾಕ್ಸಿನ್ ಎಂಬ ವಿಷಗಳೆರಡೂ ಹೊಗೆಯಲ್ಲಿರುತ್ತವೆ. ಬೆಂಕಿಗೆ ಬ್ಯಾಟರಿ ಬಿದ್ದರೆ ಸಿಡಿಯುತ್ತದೆ. ಬೂದಿಯೂ ಅದೇ ಹೊಳೆಗೆ ಸೇರುತ್ತದೆ. ಚೀಲ ಒಯ್ಯುವ ವಾಹನ ಯಾವುದು, ಎಲ್ಲಿಗೆ, ಎಷ್ಟು ಗಂಟೆಗೆ ಎಂಬುದು ಖಚಿತವಾಗದೆ ದಿನಾಂಕವನ್ನೇ ಪ್ರಕಟಿಸಬೇಡಿ. ರಾತ್ರಿ ಚೀಲ ಅಲ್ಲೇ ಉಳಿದರೆ ನಾಯಿಗಳು ಬಿಚ್ಚುತ್ತವೆ, ಬೆಳಗ್ಗೆ ಮೊದಲಿಗಿಂತ ಹೆಚ್ಚು ಹರಡಿರುತ್ತದೆ.

ಎಣಿಕೆ: ತೂಕದ ಫೋಟೋ ಹಾಕಿ ‘ಇಷ್ಟು ಟನ್’ ಅನ್ನುವುದರಲ್ಲಿ ನನಗೆ ನಂಬಿಕೆಯಿಲ್ಲ. ಅದರಲ್ಲಿ ಕೆಸರೆಷ್ಟು, ನೀರೆಷ್ಟು? ಎಣಿಸಿ. ಅಂತರರಾಷ್ಟ್ರೀಯ ಕರಾವಳಿ ಸ್ವಚ್ಛತೆ 1986ರಲ್ಲಿ ಟೆಕ್ಸಾಸ್‌ನಲ್ಲಿ ಶುರುವಾದಾಗಲೇ ಹೆಕ್ಕಿದ್ದನ್ನು ಕಾರ್ಡಿನಲ್ಲಿ ಬರೆದಿಡುತ್ತಿದ್ದರು. ಈಶಾನ್ಯ ಅಟ್ಲಾಂಟಿಕ್ ಸಾಗರವನ್ನು ಕಾಪಾಡಲು ದೇಶಗಳು ಮಾಡಿಕೊಂಡ ಆಸ್ಪಾರ್ ಒಪ್ಪಂದದ ತೀರದ ಕಸ ಸಮೀಕ್ಷೆಯಲ್ಲಿ ಗುರುತು ಮಾಡಿದ ಅದೇ 100 ಮೀಟರ್ ಪಟ್ಟಿಗೆ ವರ್ಷಕ್ಕೆ 4 ಸಲ ಬಂದು ಎಣಿಸುತ್ತಾರೆ. ನಮಗೆ ಕಸದ ಹತ್ತು ವಿಧ ಎಣಿಸಿದರೆ ಸಾಕು. ಸಿಗರೇಟ್ ತುದಿಯನ್ನು ಬಿಡಬೇಡಿ. ತೂಕದಲ್ಲಿ ಸೊನ್ನೆ, ಆದರೆ ಅದರ ಫಿಲ್ಟರ್ ಸೆಲ್ಯುಲೋಸ್ ಅಸಿಟೇಟ್, ಅಂದರೆ ಪ್ಲಾಸ್ಟಿಕ್ಕೇ. ಈ ಪಟ್ಟಿ ಕೈಯಲ್ಲಿದ್ದರೆ ಕಸದ ಮೂಲ ತಿಳಿಯುತ್ತದೆ, ಡಬ್ಬಿ ಎಲ್ಲಿಡಿ ಎಂದು ಆಡಳಿತವನ್ನು ಕೇಳಲು ಆಧಾರವೂ ಸಿಗುತ್ತದೆ. ಇದರಿಂದ ಹೇಳುವುದಾದರೆ ನಾನು ಗುಜರಿಲೆಕ್ಕ ಅವರ ಕಡೆ: ಹೆಕ್ಕುವ ಮೂವರಲ್ಲಿ ಒಬ್ಬರು ಸಿಕ್ಕ ಒಂದೊಂದಕ್ಕೂ ಅಲ್ಲೇ ಒಂದು ಗೀಟು ಎಳೆದರೆ ಎಣಿಕೆ ಮುಗಿಯಿತು.

ಹೊಳೆದಂಡೆ: 2008ರಲ್ಲಿ ಎಸ್ಟೋನಿಯಾದಲ್ಲಿ ಸುಮಾರು 50,000 ಜನ ಒಂದೇ ದಿನ ಸುಮಾರು 10,000 ಟನ್ ಕಸ ತೆಗೆದರಲ್ಲ? ಅಷ್ಟು ಜನರಿದ್ದಾಗ ಗೀಟು ಎಳೆಯುತ್ತಾ ಕೂರಲಾಗುತ್ತದೆಯೇ?

ಎಣಿಕೆ: ಅಲ್ಲಿ ದುಡಿಮೆ ಆ ದಿನಕ್ಕಿಂತ ಮೊದಲೇ ಆಗಿತ್ತು ಸರ್. ಕಸದ ತಾಣಗಳನ್ನು ಹುಡುಕಿ ನಕ್ಷೆಯಲ್ಲಿ ಗುರುತಿಸಿ ಆಮೇಲೆ ಜನರನ್ನು ಕರೆದರು. ಅದೂ ಎಣಿಕೆಯೇ.

ಓದುಗ7: ಸುಡುವ ಮಾತು ವಾಪಸ್. ಥರ್ಮಾಕೋಲ್ ಕಾಳು ಮರಳಿಗೆ ಬೆರೆತಿದ್ದರೆ?

ಬೇರುಮಣ್ಣು: ಗಾಳಿ ಏಳುವ ಮೊದಲು, ಬೆಳಗ್ಗೆಯೇ ಅದನ್ನು ಮುಗಿಸಿ. ಮೇಲಿನ ಒಂದೆರಡು ಸೆಂಟಿಮೀಟರ್ ಮರಳನ್ನು ನೀರು ತುಂಬಿದ ಬಕೆಟ್‌ಗೆ ಹಾಕಿ ಕಲಕಿ. ಮರಳು ತಳಕ್ಕೆ ಹೋಗುತ್ತದೆ, ಕಾಳು ತೇಲುತ್ತದೆ, ಟೀ ಸೋಸುವಂಥ ಜಾಲರಿಯಿಂದ ಎತ್ತಿ. ಎಲೆಚೂರೂ ತೇಲುವುದರಿಂದ ಎತ್ತಿದ ಮೇಲೆ ಕೈಯಿಂದ ಆರಿಸಲೇಬೇಕು. ನೀರನ್ನು ಮಾತ್ರ ಅದೇ ಜಾಲರಿಯಲ್ಲಿ ಸೋಸಿಯೇ ಚೆಲ್ಲಿ.