ರಾಜಾಸೀಟಿನ ಜಾಮು, ಚಂಗಪ್ಪನ ಕಾರು

"ಗ್ಯಾಸ್ಕೆಟ್ಟೇ ಹೋಗಿದೆ, ಬರೆದಿಟ್ಕೋ," ಅಂದ ಪೂವಯ್ಯ. ಬೋನೆಟ್ ಇನ್ನೂ ಎತ್ತಿರಲೇ ಇಲ್ಲ.

ಪೂವಯ್ಯನಿಗೆ ಒಮ್ಮೆ ಹೆಡ್ ಗ್ಯಾಸ್ಕೆಟ್, ಅಂದ್ರೆ ಇಂಜಿನ್ನಿನ ಹೆಡ್ಡಿಗೂ ಬ್ಲಾಕಿಗೂ ನಡುವಿನ ತೆಳು ಹಾಳೆ, ಹೋಗಿ, ಹೆಡ್ಡಿನ ಮೈ ಸಮ ಮಾಡೋ ಫೇಸಿಂಗ್ ಮಾಡಿಸಿ, ಆ ವರ್ಷದ ಮೆಣಸಿನ ದುಡ್ಡೆಲ್ಲ ಇಂಜಿನ್ನಿಗೇ ಇಳಿದಿತ್ತು. ಆವತ್ತಿನಿಂದ ಯಾರ ಗಾಡಿ ಪಂಕ್ಚರ್ ಆದ್ರೂ ಅವನಿಗೆ ಗ್ಯಾಸ್ಕೆಟ್ಟೇ. ಗೋಣಿಕೊಪ್ಪದ ಮೆಕ್ಯಾನಿಕ್ ಹಂಸನ ಶೆಡ್ಡಿನ ಮುಂದೆ ನಮ್ಮ ಸಭೆ ಸೇರುವುದು ಹೀಗೇ. ಗಾಡಿ ಒಬ್ಬನದು, ಚಿಂತೆ ಎಲ್ಲರದು.

ಚಂಗಪ್ಪ ಮುಖ ಸಣ್ಣ ಮಾಡಿಕೊಂಡು ಕಥೆ ಶುರು ಮಾಡಿದ. "ಮೈಸೂರಿಂದ ಹುಣಸೂರು, ಆನೆಚೌಕೂರು, ತಿತಿಮತಿ ದಾಟಿ ಬಂದೆ. ಇಂಜಿನ್ ಬಿಸಿ ತೋರಿಸೋ ಮುಳ್ಳು ಅರ್ಧ ಬಿಟ್ಟು ಅಲುಗಾಡ್ಲಿಲ್ಲ. ಭಾನುವಾರ ನೆಂಟರನ್ನ ರಾಜಾಸೀಟಿಗೆ ಕರ್ಕೊಂಡು ಹೋದೆ ನೋಡು, ಮಡಿಕೇರಿಯಲ್ಲಿ ಜಾಮು. ಒಂದು ಅಡಿ ಹೋಗು, ಹತ್ತು ನಿಮಿಷ ನಿಲ್ಲು. ಮುಳ್ಳು ಸೀದಾ ಕೆಂಪಿಗೆ! ಬೋನೆಟ್‌ನಿಂದ ಹಬೆ. ಪಕ್ಕದ ಟೆಂಪೋ ಟ್ರಾವೆಲರಿನಲ್ಲಿದ್ದ ಪ್ರವಾಸಿಗರು ಮಡಿಕೇರಿ ಮಂಜು ಅಂತ ಫೋಟೋ ತೆಗೆದ್ರು ಮಾರಾಯ."

"ಮಡಿಕೇರಿಯಲ್ಲಿ ಕುದಿಯೋದು ಸಹಜ," ಅಂದ್ರು ಮೇಷ್ಟ್ರು. ರಿಟೈರ್ ಆದರೂ ವಿಜ್ಞಾನ ಅವರನ್ನ ಬಿಟ್ಟಿಲ್ಲ. "ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರ. ಅಲ್ಲಿ ನೀರು 100 ಡಿಗ್ರಿಗೆ ಕಾಯೋದಿಲ್ಲ, 96ಕ್ಕೇ ಕುದೀತದೆ."

"ಹಾಗಾದ್ರೆ ಮಡಿಕೇರಿಯ ಕಾರೆಲ್ಲ ದಿನಾ ಕುದೀಬೇಕಲ್ಲ ಮೇಷ್ಟ್ರೇ?" ಅಂತ ಹಂಸ ಕಾರಿನಡಿಯಿಂದಲೇ ಕೇಳಿದ. ಎದ್ದು ಬಂದು ರೇಡಿಯೇಟರಿನ ಮುಚ್ಚಳ ಬಿಚ್ಚಿದ. ಗಾಡಿ ರಾತ್ರಿಯಿಂದ ತಣ್ಣಗಿತ್ತು, ಇಲ್ಲದಿದ್ರೆ ಅವನೂ ಮುಟ್ಟುತ್ತಿರಲಿಲ್ಲ. ಮುಚ್ಚಳದ ತಲೆ ಮೇಲೆ 0.9 ಅಂತ ಅಚ್ಚು. "ಇದು ಒಳಗೆ ಒತ್ತಡ ಹಿಡಿದಿಡ್ತದೆ. ಅದಕ್ಕೇ ಬರೀ ನೀರಾದ್ರೂ 115 ಡಿಗ್ರಿವರೆಗೆ ಕುದಿಯೋದಿಲ್ಲ, ಕೂಲೆಂಟ್ ಬೆರೆಸಿದ್ರೆ ಇನ್ನೂ ಮೇಲೆ. ರಬ್ಬರ್ ಸರಿ ಉಂಟು. ಮುಚ್ಚಳದ್ದು ತಪ್ಪಲ್ಲ."

ಮೇಷ್ಟ್ರು ಸೋತವರ ಹಾಗೆ ಕಾಣಲಿಲ್ಲ. ಒತ್ತಡದ ಪಾಠವೂ ತಾನೇ ಮಾಡಿದ್ದು ಅನ್ನೋ ಹಾಗೆ ತಲೆಯಾಡಿಸಿದ್ರು.

"ಅರಿಶಿನ ಪುಡಿ ಹಾಕು," ಅಂದ ಕಿಟ್ಟಣ್ಣ. ಅವನು ಹಳೇ ಜೀಪಿನ ಕಾಲದವನು. "ನಮ್ಮ ಜೀಪಿಗೆ ಒಂದು ಹಿಡಿ ಅರಿಶಿನ, ತೋಡಿನ ನೀರು. ಮೂರು ತೋಟ ಸುತ್ತಿ ಬರ್ತಿತ್ತು."

"ಅದು ಸೋರಿಕೆಗೆ ಕಿಟ್ಟಣ್ಣ. ಇಲ್ಲಿ ಒಂದು ಹನಿ ಸೋರ್ತಾ ಇಲ್ಲ. ಅರಿಶಿನ ಹಾಕಿ ಸಣ್ಣ ನಳಿಗೆ ಕಟ್ಟಿಕೊಂಡ್ರೆ ಮದುವೆ ನಾನೇ ಮಾಡಿಸ್ಬೇಕು. ತೋಡಿನ ನೀರೂ ಬೇಡ, ಒಳಗೆಲ್ಲ ತುಕ್ಕು."

"ಹಂಗಾದ್ರೆ ಥರ್ಮೋಸ್ಟಾಟ್ ಕಿತ್ತು ಬಿಸಾಡು!"

"ಇಂಜಿನ್ ಬಿಸಿಯಾದ ಮೇಲೆ ನೀರಿಗೆ ದಾರಿ ಬಿಡೋ ಬಾಗಿಲು ಅದು. ಮುಚ್ಚಿಕೊಂಡು ಕೂತಿದ್ರೆ ತಿತಿಮತಿ ರೋಡಲ್ಲೇ ಕುದೀಬೇಕಿತ್ತು. ಕಿತ್ತರೆ ಈ ಚಳಿಯಲ್ಲಿ ಇಂಜಿನ್ ಬಿಸಿಯೇ ಆಗೋದಿಲ್ಲ, ಪೆಟ್ರೋಲು ಕುಡೀತದೆ."

ಪೂವಯ್ಯ ಪಟ್ಟು ಬಿಡಲಿಲ್ಲ. ಹಂಸ ಆಯಿಲ್ ಸ್ಟಿಕ್ ಎಳೆದು ಅವನ ಮೂಗಿಗೇ ಹಿಡಿದ. ಗ್ಯಾಸ್ಕೆಟ್ ಹೋಗಿ ನೀರು ಸೇರಿದ್ರೆ ಆಯಿಲ್ ಹಾಲು ಬೆರೆತ ಕಾಫಿ ಆಗಿರ್ತದೆ. ಇದು ಕಪ್ಪಗೆ ಚೊಕ್ಕ ಇತ್ತು. ಸೈಲೆನ್ಸರಿನಲ್ಲಿ ಬಿಳಿ ಹೊಗೆ ಇಲ್ಲ, ಕೂಲೆಂಟ್ ಟ್ಯಾಂಕಿನಲ್ಲಿ ಗುಳ್ಳೆ ಇಲ್ಲ. ಪೂವಯ್ಯನಿಗೆ ನಿಜಕ್ಕೂ ಬೇಜಾರಾಯ್ತು.

ಹಂಸ ಒಂದೇ ಪ್ರಶ್ನೆ ಕೇಳಿದ. "ಚಂಗಪ್ಪಣ್ಣ, ಜಾಮಿನಲ್ಲಿ ಮುಂದುಗಡೆ ಫ್ಯಾನ್ ಸದ್ದು ಕೇಳಿತ್ತಾ?"

"ಎಲ್ಲಿ ಕೇಳೋದು? ನೆಂಟರ ಸದ್ದೇ ಸಾಕಿತ್ತು."

ಸ್ಟಾರ್ಟ್ ಮಾಡಿ ಏಸಿ ಹಾಕಿಸಿದ. ಏಸಿ ಹಾಕಿದ್ರೆ ಫ್ಯಾನ್ ತಿರುಗಲೇಬೇಕು. ತಿರುಗಲಿಲ್ಲ. ಅಲ್ಲಿಗೆ ಅರ್ಧ ಕೇಸು ಮುಗೀತು. ಓಡೋವಾಗ ರೇಡಿಯೇಟರಿಗೆ ಗಾಳಿ ತಾನಾಗೇ ಬಡೀತದೆ, ಫ್ಯಾನ್ ಸತ್ತಿದ್ರೂ ಗೊತ್ತಾಗೋದಿಲ್ಲ. ನಿಂತ ಗಾಡಿಗೆ ಫ್ಯಾನ್ ಬಿಟ್ರೆ ಬೇರೆ ಗತಿ ಇಲ್ಲ.

ಫ್ಯೂಸ್ ನೋಡಿದ, ಸರಿ. ಒಂದೇ ಥರದ್ದು ಅಂತ ಹಾರ್ನಿಗೆ ಕರೆಂಟ್ ಬಿಡೋ ಸ್ವಿಚ್ಚು, ಅಂದ್ರೆ ರಿಲೇ, ತೆಗೆದು ಫ್ಯಾನಿಗೆ ಹಾಕಿದ. ಫ್ಯಾನೂ ಇಲ್ಲ, ಈಗ ಹಾರ್ನೂ ಇಲ್ಲ. "ಹಾರ್ನಿಲ್ಲದೆ ಭಾನುವಾರ ಮಡಿಕೇರಿಗೆ ಹೋದ್ರೆ ಸೋಮವಾರ ಬರ್ತೀಯ," ಅಂದ ಕಿಟ್ಟಣ್ಣ. ಕೊನೆಗೆ ಫ್ಯಾನಿನ ಕನೆಕ್ಟರ್ ಬಿಚ್ಚಿ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟ. ಭರ್ರ್ ಅಂತ ತಿರುಗಿ ಮೇಷ್ಟ್ರ ಪೇಪರ್ ಹಾರಿಸಿತು. ಮೋಟರ್ ಜೀವಂತ! ಹಾಗಾದ್ರೆ ನಡುವಿನ ವಯರ್.

ಟಾರ್ಚ್ ಬಿಟ್ಟು ನೋಡಿದ್ರೆ ಹೆಡ್‌ಲೈಟಿನ ಹಿಂದೆ, ಒಳಮೂಲೆಯಲ್ಲಿ, ವಯರಿನ ಸಿಪ್ಪೆ ನೀಟಾಗಿ ಸುಲಿದು ತಾಮ್ರದ ಎಳೆಗಳು ಕೆದರಿ ನಿಂತಿದ್ವು. ಕೆಳಗೆ ನಾಲ್ಕು ಹಿಕ್ಕೆ, ಅರ್ಧ ತಿಂದ ಒಂದು ಕಾಫಿ ಬೀಜ.

"ಇಲಿ!" ಅಂದೆವು ಎಲ್ಲರೂ.

"ಮಳೆಗಾಲ ಪೂರ್ತಿ ಗಾಡಿ ಕಾಫಿ ಗೋಡೌನಿನಲ್ಲಿಟ್ರೆ ಮತ್ತೇನು? ಬೋನೆಟ್ಟಿನೊಳಗೆ ಬೆಚ್ಚಗೆ ಸಂಸಾರ ಮಾಡಿದೆ," ಅಂದ ಹಂಸ. ಪಿರಿಯಾಪಟ್ಟಣದ ಹೊಗೆಸೊಪ್ಪು ಗಂಟು ಕಟ್ಟಿ ಒಳಗಿಡು ಅಂತ ಕಿಟ್ಟಣ್ಣ, ಬೆಕ್ಕು ಸಾಕು ಅಂತ ಮೇಷ್ಟ್ರು. ಇಷ್ಟರಲ್ಲಿ ಹಂಸನಿಗೆ ಫೋನ್ ಬಂತು, ಆಚೆ ಹೋಗಿ ಮಾತಾಡಿ ಬಂದ.

ವಯರ್ ಬೆಸೆದು ಟೇಪ್ ಸುತ್ತಿ, ಅರ್ಧ ಗಂಟೆ ನಿಂತಲ್ಲೇ ಓಡಿಸಿದ. ಫ್ಯಾನ್ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಮುಳ್ಳು ಅರ್ಧದಲ್ಲೇ. "ಇನ್ನೊಮ್ಮೆ ಜಾಮಿನಲ್ಲಿ ಹೀಗಾದ್ರೆ ಏಸಿ ಬಂದ್ ಮಾಡಿ ಹೀಟರ್ ಪೂರ್ತಿ ಹಾಕಿ, ಇಂಜಿನ್ ಬಿಸಿ ಒಳಗೆ ಎಳ್ಕೊಳ್ತದೆ. ಇಳೀಲಿಲ್ಲ ಅಂದ್ರೆ ಪಕ್ಕಕ್ಕೆ ಹಾಕಿ ಬಂದ್ ಮಾಡಿ. ಬಿಸಿ ಇಂಜಿನ್ ಮೇಲೆ ತಣ್ಣೀರು ಸುರಿದ್ರೆ ಹೆಡ್ ಬಿರುಕು ಬಿಡ್ತದೆ."

"ಆಗ ಗ್ಯಾಸ್ಕೆಟ್ಟೂ ಹೋಗ್ತದೆ," ಅಂದ ಪೂವಯ್ಯ ಆಸೆಯಿಂದ.

"ಎಷ್ಟಾಯ್ತು?"

"ನೂರೈವತ್ತು ಕೊಡಿ."

ಚಂಗಪ್ಪನ ಮುಖ ಇನ್ನೂ ಸಣ್ಣದಾಯ್ತು. ಹಂಸನನ್ನ ಮೂಲೆಗೆ ಕರೆದು ಪಿಸುಗುಟ್ಟಿದ. ಪಿಸುಮಾತು ನಮಗೆಲ್ಲ ಕೇಳಿತು. "ಮನೇಲಿ ಗ್ಯಾಸ್ಕೆಟ್ ಅಂತ ಹೇಳಿ ಇಪ್ಪತ್ತೈದು ಸಾವಿರ ತಂದಿದ್ದೇನೆ. ಬಿಲ್ಲಿನಲ್ಲಿ ಹಾಗೇ ಬರೆದುಬಿಡು."

"ಬರೀತೇನೆ ಚಂಗಪ್ಪಣ್ಣ, ನನಗೇನು? ಆದ್ರೆ ಆಗ ಫೋನ್ ಮಾಡಿದ್ದು ಅಕ್ಕನೇ. ಇಲಿಯ ವಿಷಯ ಹೇಳಿಯಾಯ್ತು."