ಸೈಕಲ್‌ನ ಹಿಂದಿನ ಶಾಕ್ ಸದ್ದು ಮಾಡ್ತಿದೆ, ಎಲ್ಲಿಂದ ಹುಡುಕೋದು?

ಫುಲ್ ಸಸ್ಪೆನ್ಶನ್ ಮೌಂಟನ್ ಬೈಕ್, ಹಿಂದೆ ಏರ್ ಶಾಕ್ (ಸ್ಪ್ರಿಂಗ್ ಬದಲು ಗಾಳಿ ತುಂಬುವಂಥದ್ದು). ಈಚೆಗೆ ಏರು ಹತ್ತುವಾಗ ಕಿರ್ ಕಿರ್ ಅನ್ನುತ್ತೆ. ಕಲ್ಲು ದಾರಿಯಲ್ಲಿ ಇಳಿಯುವಾಗ ಸೀಟಿನ ಕೆಳಗೆಲ್ಲೋ ಟಕ್ ಅಂತ ಪೆಟ್ಟು ಬಿದ್ದ ಹಾಗೆ. ಗಾಳಿ ಸರಿಯಾಗಿದೆ, ಎಣ್ಣೆ ಸೋರಿದ ಗುರುತಿಲ್ಲ. ಶಾಕ್ ಬಿಚ್ಚಿ ಸರ್ವಿಸ್‌ಗೆ ಕೊಡಬೇಕಾ, ಇಲ್ಲಾ ಮನೆಯಲ್ಲೇ ನೋಡಬಹುದಾ? ಅನುಭವ ಇದ್ದವರು ದಯವಿಟ್ಟು ಹೇಳಿ.

* * *

ಇನ್ನೂ ಕೊಡಬೇಡಿ. ಎರಡು ಥರದ ಸದ್ದು ಅಂದ್ರೆ ಕಾರಣವೂ ಎರಡಿರಬಹುದು. ಫ್ರೇಮ್ ಅನ್ನೋದು ಖಾಲಿ ಕೊಡ ಇದ್ದ ಹಾಗೆ, ಒಂದು ಕಡೆ ತಟ್ಟಿದ್ರೆ ಇನ್ನೊಂದು ಕಡೆ ಕೇಳುತ್ತೆ. ಕಿವಿ ನಂಬಿ ಶಾಕ್ ಬಿಚ್ಚಿದವರೇ ಜಾಸ್ತಿ.

ಮೊದಲು ಅದೇ ಏರನ್ನು ಎದ್ದು ನಿಂತು ತುಳಿಯಿರಿ. ಕಿರಕಿರ ನಿಂತುಹೋದ್ರೆ ಸೀಟ್‌ಪೋಸ್ಟ್, ಅದರ ಕ್ಲ್ಯಾಂಪ್ ಅಥವಾ ಸೀಟಿನ ಕೆಳಗಿನ ಕಂಬಿ. ನಿಂತಾಗಲೂ ಬರ್ತಿದ್ದು, ಪೆಡಲ್ ಒಂದು ಸುತ್ತು ಬಂದಾಗೆಲ್ಲ ಒಂದೇ ಜಾಗದಲ್ಲಿ ಕೇಳಿದ್ರೆ ಪೆಡಲ್, ಕ್ರ್ಯಾಂಕ್ (ಪೆಡಲ್ ಕೂರುವ ತೋಳು), ಬಾಟಮ್ ಬ್ರ್ಯಾಕೆಟ್ (ಕ್ರ್ಯಾಂಕ್ ತಿರುಗುವ ಬೇರಿಂಗ್) ಕಡೆ ನೋಡಿ. ಆಮೇಲೆ ಬೈಕಿಂದ ಇಳಿದು, ಪೆಡಲ್ ಮುಟ್ಟದೆ ಸೀಟ್ ಮೇಲೆ ಭಾರ ಹಾಕಿ ಒತ್ತಿ ಬಿಡಿ. ಸೀಟ್ ನಿರ್ದೋಷಿ ಅಂತ ಗೊತ್ತಾದ ಮೇಲೂ ಹೀಗೆ ಒತ್ತಿದಾಗ ಸದ್ದು ಬಂದ್ರೆ ಮಾತ್ರ ಪಿವಟ್ (ಹಿಂಬದಿಯ ಫ್ರೇಮ್ ಮಡಚುವ ಕೀಲು) ಅಥವಾ ಶಾಕ್ ಮೇಲೆ ಅನುಮಾನ ಪಡಿ. ಹಿಂದಿನ ಚಕ್ರದ ಆಕ್ಸೆಲ್ ಬಿಚ್ಚಿ ಒರೆಸಿ, ಗ್ರೀಸ್ ಹಚ್ಚಿ ಮತ್ತೆ ಬಿಗಿ ಮಾಡೋದು ಐದು ನಿಮಿಷದ ಕೆಲಸ, ಅದನ್ನೂ ಮಾಡಿಬಿಡಿ.

* * *

ಮೇಲೆ ಹೇಳಿದ್ದು ಕಿರಕಿರಕ್ಕೆ ಸರಿ. ನಾನು ಆ ಟಕ್ ಬಗ್ಗೆ ಹೇಳ್ತೀನಿ. ನೀವು ಬರೆದಿರೋದು ನೋಡಿದ್ರೆ ನನಗೆ ಅನುಮಾನ ಶಾಕ್ ಮೇಲಲ್ಲ, ಅದರ ತುದಿಯ ಬುಷ್ ಮೇಲೆ.

ಬೈಕ್ ನೆಲದ ಮೇಲಿರಲಿ. ಒಂದು ಕೈಯಲ್ಲಿ ಸೀಟ್ ಹಿಡಿದು, ಹಿಂದಿನ ಚಕ್ರ ಇನ್ನೇನು ನೆಲ ಬಿಡುತ್ತೆ ಅನ್ನುವಷ್ಟು ಮಾತ್ರ ಮೆಲ್ಲಗೆ ಎತ್ತಿ, ಇಳಿಸಿ. ಇನ್ನೊಂದು ಕೈಯ ಬೆರಳನ್ನು ಶಾಕ್ ಮತ್ತು ಫ್ರೇಮ್ ಕೂಡುವ ಸಂದಿಯ ಮೇಲಿಡಿ, ಅರ್ಧ ಶಾಕ್ ಮೇಲೆ, ಅರ್ಧ ಫ್ರೇಮ್ ಮೇಲೆ. ಸಡಿಲ ಇದ್ರೆ ಬೆರಳಿಗೆ ಸಣ್ಣಗೆ ಟಿಕ್ ಅಂತ ತಿಳಿಯುತ್ತೆ, ಕಣ್ಣಿಗೆ ಕಾಣೋದು ಕಷ್ಟ. ಮೇಲಿನ ತುದಿ, ಕೆಳಗಿನ ತುದಿ, ಆಮೇಲೆ ಒಂದೊಂದೇ ಪಿವಟ್, ಎಲ್ಲ ಕಡೆ ಇದೇ ರೀತಿ ನೋಡಿ. ಸಾಮಾನ್ಯವಾಗಿ ಯಾವ ತುದಿ ಹೆಚ್ಚು ತಿರುಗುತ್ತೋ ಅದೇ ಮೊದಲು ಸವೆಯೋದು.

ಸಿಕ್ಕಿತು ಅಂದ್ರೆ ಬೈಕನ್ನು ಸ್ಟ್ಯಾಂಡಿಗೆ ಹಾಕಿ ಶಾಕ್ ಬೋಲ್ಟ್ ತೆಗೀರಿ. ಬುಷ್ ಅಂದ್ರೆ ಒಳಮೈಗೆ ಜಾರುವ ಲೇಪನ ಇರೋ ತೆಳ್ಳನೆ ಲೋಹದ ಬಳೆ. ಹೊಸದರಲ್ಲಿ ಒಳಗೆಲ್ಲ ಒಂದೇ ಬೂದು ಬಣ್ಣ. ಲೇಪನ ಸವೆದ ಜಾಗದಲ್ಲಿ ಹೊಳೆಯುವ ಕಂಚಿನ ಪಟ್ಟೆ ಕಾಣುತ್ತೆ, ಅದೂ ಹೆಚ್ಚಾಗಿ ಒಂದೇ ಮಗ್ಗುಲಲ್ಲಿ. ಅದನ್ನು ನೋಡಿದ ಮೇಲೆ ಯೋಚನೆ ಬೇಡ, ಬುಷ್ ಬದಲಾಯಿಸಿ. ಒಳಗಿನ ಪಿನ್ ಮೇಲೆ ಗೀರು ಬಿದ್ದಿದ್ರೆ ಅದನ್ನೂ.

ಶಾಕ್ ಕೈಯಲ್ಲಿರುವಾಗಲೇ ಹಿಂಬದಿಯ ಫ್ರೇಮನ್ನು ಮೇಲೆ ಕೆಳಗೆ ಆಡಿಸಿ. ತಡೆಯಿಲ್ಲದೆ ಜಾರಬೇಕು. ಮರಳು ಅರೆದ ಹಾಗೆ ಅನಿಸಿದ್ರೆ ಪಿವಟ್ ಬೇರಿಂಗ್ ಮುಗಿದಿದೆ. ಅಡ್ಡಕ್ಕೆ ಅಲುಗಿದ್ರೆ ಒಂದೋ ಬೇರಿಂಗ್ ಹೋಗಿದೆ, ಇಲ್ಲ ಬೋಲ್ಟ್ ಸಡಿಲ. ಶಾಕ್ ಫ್ರೇಮ್‌ನಲ್ಲಿ ಇರುವವರೆಗೂ ಇದು ಸರಿಯಾಗಿ ಗೊತ್ತಾಗಲ್ಲ.

* * *

ಪಚ್ ಪಚ್ ಅಂತ ಎಣ್ಣೆ ಹರಿಯುವ ಸದ್ದೂ ಬರ್ತಿದೆಯಾ? ಸ್ವಲ್ಪ ಇದ್ರೆ ಸಹಜ, ಡ್ಯಾಂಪರ್ (ಶಾಕ್‌ನ ಕುಣಿತ ತಡೆಯುವ ಎಣ್ಣೆ ಭಾಗ) ಒಳಗೆ ಎಣ್ಣೆ ಸಣ್ಣ ತೂತುಗಳಲ್ಲಿ ನುಗ್ಗುವ ಸದ್ದು ಅದು. ಹೆದರಬೇಕಾದ್ದು ಯಾವಾಗ ಅಂದ್ರೆ ಸದ್ದು ದಿನೇ ದಿನೇ ಜಾಸ್ತಿ ಆಗಿ, ರಿಬೌಂಡ್ ನಾಬ್ (ಶಾಕ್ ವಾಪಸ್ ಬರುವ ವೇಗ ಹೊಂದಿಸುವ ತಿರುಪು) ಎಷ್ಟು ತಿರುಗಿಸಿದರೂ ಶಾಕ್ ಪಟ್ ಅಂತ ವಾಪಸ್ ಬಂದಾಗ. ಎಣ್ಣೆಯಲ್ಲಿ ಗಾಳಿ ಸೇರಿದೆ ಅಂತ ಅರ್ಥ. ಜೋರಾಗಿ ಕೂಗೋ ಬೋಲ್ಟಿಗಿಂತ ಮೆತ್ತಗೆ ಪಚಗುಟ್ಟೋ ಡ್ಯಾಂಪರ್ ಅಪಾಯ. ಹೆಚ್ಚಿನ ಶಾಕ್‌ಗಳ ಡ್ಯಾಂಪರ್ ಒಳಗೆ ಭಾರಿ ಒತ್ತಡದ ನೈಟ್ರೋಜನ್ ಇರುತ್ತೆ, ಮನೆಯಲ್ಲಿ ಬಿಚ್ಚುವ ವಸ್ತು ಅಲ್ಲ.

ಇನ್ನೊಂದು ವಿಷಯ. ವಾಲ್ವ್‌ನಿಂದ ಗಾಳಿ ಪೂರ್ತಿ ಇಳಿಸಿದ ಮೇಲೂ ಶಾಕ್ ಕುಗ್ಗಿಯೇ ಕೂತು ಮೇಲೆ ಬರದಿದ್ರೆ ಒಳಗಿನ ನೆಗೆಟಿವ್ ಚೇಂಬರ್‌ನಲ್ಲಿ (ಮುಖ್ಯ ಗಾಳಿಗೆ ಎದುರಾಗಿ ಒತ್ತುವ ಸಣ್ಣ ಗಾಳಿ ಕೋಣೆ) ಗಾಳಿ ಸಿಕ್ಕಿಕೊಂಡಿದೆ. ಏರ್ ಕ್ಯಾನ್ (ಗಾಳಿ ತುಂಬಿರುವ ಹೊರಗಿನ ಕೊಳವೆ) ತಿರುಗಿಸೋಕೆ ಹೋಗಬೇಡಿ, ಸಿಡಿಯುತ್ತೆ.

* * *

ಯಾರಾದರೂ ಶಾಕ್‌ಗೆ ಡಬ್ಲ್ಯೂಡಿ-40 ಸ್ಪ್ರೇ ಹೊಡೀರಿ ಅಂದಾರು, ಕೇಳಬೇಡಿ. ಎರಡು ದಿನ ಸದ್ದು ಅಡಗುತ್ತೆ ನಿಜ, ಆದ್ರೆ ಸೀಲ್ ಒಳಗಿನ ಗ್ರೀಸ್ ತೊಳೆದುಹೋಗುತ್ತೆ. ಸವಾರಿ ಮುಗಿದ ಮೇಲೆ ಶಾಕ್‌ನ ಹೊಳೆಯುವ ಕಡ್ಡಿಯನ್ನು ಒಣ ಬಟ್ಟೆಯಲ್ಲಿ ಒರೆಸಿದ್ರೆ ಸಾಕು. ಏರ್ ಕ್ಯಾನ್ ಸರ್ವಿಸ್ ಕೊನೆಗೆ ಯಾವಾಗ ಮಾಡಿಸಿದ್ರಿ? ಶಾಕ್ ಕಂಪನಿಗಳಲ್ಲಿ ರಾಕ್‌ಶಾಕ್ಸ್ 50 ಗಂಟೆ ಸವಾರಿಗೊಮ್ಮೆ ಅನ್ನುತ್ತೆ, ಫಾಕ್ಸ್ 125 ಗಂಟೆ ಅಥವಾ ವರ್ಷಕ್ಕೊಮ್ಮೆ ಪೂರ್ತಿ ಸರ್ವಿಸ್ ಅನ್ನುತ್ತೆ. ಕೆಸರಲ್ಲಿ ಓಡಿಸುವವರು ಅದಕ್ಕೂ ಮೊದಲೇ ಮಾಡಿಸೋದು ಕ್ಷೇಮ.

* * *

ನಿಮ್ಮದು ಏರ್, ಆದ್ರೂ ಕಾಯಿಲ್ (ಸ್ಪ್ರಿಂಗ್) ಶಾಕ್ ಇರೋರು ಓದ್ತಿದ್ರೆ: ಟಿಂಗ್ ಅಂತ ಬಂದ್ರೆ ಸ್ಪ್ರಿಂಗ್ ಒತ್ತಿದಾಗ ಸುರುಳಿ ತಿರುಚಿಕೊಂಡು ಕಾಲರ್ (ಸ್ಪ್ರಿಂಗ್ ತುದಿ ಕೂರುವ ಬಳೆ) ಮೇಲೆ ಜಾರ್ತಿದೆ. ಸ್ಪ್ರಿಂಗ್ ತುದಿ ಒರೆಸಿ ತೆಳ್ಳಗೆ ಗ್ರೀಸ್ ಹಚ್ಚಿ. ಕೈಯಲ್ಲಿ ಅಲುಗಾಡಿಸಿದ್ರೆ ಸ್ಪ್ರಿಂಗ್ ಗಡಗಡ ಅನ್ನಬಾರದು.

* * *

ಎಲ್ಲರಿಗೂ ಥ್ಯಾಂಕ್ಸ್. ಹೇಳಿದ ಹಾಗೆ ಮಾಡಿದೆ. ಕಿರಕಿರ ಎದ್ದು ನಿಂತಾಗ ಇರಲಿಲ್ಲ. ಸೀಟ್‌ಪೋಸ್ಟ್ ಹೊರಗೆಳೆದ್ರೆ ಕ್ಲ್ಯಾಂಪ್ ತುಂಬ ಒಣ ಮಣ್ಣು! ಒರೆಸಿ ಗ್ರೀಸ್ ಹಾಕಿದ ಮೇಲೆ ಸದ್ದಿಲ್ಲ. ಟಕ್ ಮಾತ್ರ ಇದೆ. ಸೀಟ್ ಎತ್ತಿದಾಗ ಶಾಕ್‌ನ ಕೆಳತುದಿಯಲ್ಲಿ ಬೆರಳಿಗೆ ತಿಳಿಯುತ್ತೆ. ಬುಷ್ ತರಿಸೋಕೆ ಏನೇನು ಅಳೆಯಬೇಕು?

* * *

ಬೋಲ್ಟಿನ ದಪ್ಪ, ಮತ್ತೆ ಫ್ರೇಮ್‌ನಲ್ಲಿ ಶಾಕ್ ಕೂರುವ ಜಾಗದ ಒಳ ಅಗಲ. ಎರಡನ್ನೂ ವರ್ನಿಯರ್‌ನಲ್ಲಿ ಅಳೆಯಿರಿ, ಟೇಪ್ ಸಾಲದು. ಜೊತೆಗೆ ಶಾಕ್ ಯಾವ ಕಂಪನಿ, ಯಾವ ಮಾಡೆಲ್ ಅಂತ ಹೇಳಿ. ಹಳೇ ಬುಷ್ ಸುತ್ತಿಗೆಯಲ್ಲಿ ಹೊಡೆದು ತೆಗೆಯಬೇಡಿ, ಶಾಕ್‌ನ ಕಣ್ಣು (ಬುಷ್ ಕೂರುವ ತೂತು) ಸೊಟ್ಟ ಆದ್ರೆ ಕಥೆ ಮುಗೀತು. ಬೆಂಚ್ ವೈಸ್‌ನಲ್ಲಿ ಒಂದು ಕಡೆ ಸಣ್ಣ ಸಾಕೆಟ್, ಇನ್ನೊಂದು ಕಡೆ ದೊಡ್ಡದು ಇಟ್ಟು ನಿಧಾನ ಒತ್ತಿದ್ರೆ ಜಾರಿ ಬರುತ್ತೆ. ಹೊಸದು ಹಾಕುವಾಗ ನೇರ ಕೂತಿದೆಯಾ ನೋಡಿ ಒತ್ತಿ. ಬೋಲ್ಟ್‌ಗೆ ಫ್ರೇಮ್ ಕಂಪನಿ ಹೇಳಿದಷ್ಟೇ ನ್ಯೂಟನ್ ಮೀಟರ್, ಟಾರ್ಕ್ ರೆಂಚ್‌ನಲ್ಲಿ.

ಬುಷ್ ಹೊಸದಾದ ಮೇಲೂ ಟಕ್ ಉಳಿದ್ರೆ ಕಡ್ಡಿ ಮೇಲಿನ ರಬ್ಬರ್ ಉಂಗುರ ನೋಡಿ. ಪ್ರತಿ ಇಳಿಜಾರಿನಲ್ಲೂ ಅದು ಕೊನೆಗೆ ಹೋಗಿ ಕೂರ್ತಿದ್ರೆ ಶಾಕ್ ತಳ ಮುಟ್ಟಿ ಬಡೀತಿದೆ, ಸ್ವಲ್ಪ ಗಾಳಿ ಏರಿಸಿ. ಚಕ್ರ ಗಾಳಿಯಲ್ಲಿ ಎದ್ದಾಗ ಮಾತ್ರ ಟಕ್ ಅಂದ್ರೆ ಅದು ಶಾಕ್ ಪೂರ್ತಿ ಚಾಚಿಕೊಳ್ಳುವಾಗಿನ ಬಡಿತ. ಗಾಳಿ ತುಂಬುವಾಗ ಪ್ರತಿ 50 ಪಿಎಸ್‌ಐಗೆ ನಿಲ್ಲಿಸಿ, ಶಾಕನ್ನು ಹತ್ತು ಸಲ ನಿಧಾನ ಒತ್ತಿ ಬಿಟ್ಟು, ಆಮೇಲೆ ಮುಂದುವರಿಸಿ. ಹಾಗೆ ಮಾಡಿದ್ರೆ ನೆಗೆಟಿವ್ ಚೇಂಬರ್ ತುಂಬಿಕೊಳ್ಳುತ್ತೆ.